ದೀಪ ಹಚ್ಚುವವಳ ಹಕ್ಕು

ಆಕೆ ಮುದ್ದೆಯನ್ನು ಅಗಿದಳು.

ಮೊದಲ ತುತ್ತನ್ನು ಬಸ್ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡು, ರೊಟ್ಟಿ ತಿನ್ನುವವರ ಹಾಗೆ ಎಡದವಡೆಯಲ್ಲಿ ನಿಧಾನವಾಗಿ ಅಗಿದು, ಹಲ್ಲಿಗೆ ಮೆತ್ತಿಕೊಂಡದ್ದನ್ನು ನಾಲಿಗೆಯಿಂದ ಬಿಡಿಸಿಕೊಂಡು, ಆಮೇಲೆ ನುಂಗಿದಳು. ಎರಡನೆಯ ತುತ್ತೂ ಹಾಗೆಯೇ.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ವರ್ತೂರಿನಲ್ಲಿ ಹುಟ್ಟಿ, ವರ್ತೂರಿನಲ್ಲೇ ಮದುವೆಯಾಗಿ, ಅರವತ್ತೆರಡು ವರ್ಷ ಇದೇ ಕೆರೆಯ ಕೆಳಗೆ ಬದುಕಿದ ಈಶ್ವರಮ್ಮ ಮುದ್ದೆ ಅಗಿಯುತ್ತಾಳೆಯೇ? ಈ ಕಡೆಯ ಮಕ್ಕಳಿಗೆ ಹಲ್ಲು ಬರುವ ಮುಂಚೆಯೇ ಮುದ್ದೆ ನುಂಗುವುದು ಬರುತ್ತದೆ. ಮುದ್ದೆ ಅಗಿಯುವವರನ್ನು ಕಂಡರೆ ನಮ್ಮಜ್ಜಿ ಪಕ್ಕಕ್ಕೆ ತಿರುಗಿ ನಗುತ್ತಿದ್ದಳು.

ಸಿದ್ದರಾಜು ಹತ್ತು ದಿನದ ಹಿಂದೆ ನನಗೆ ವಹಿಸಿದ್ದ ಕೆಲಸವೂ ಇಷ್ಟೇ: ಈ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡಿರುವ ಹೆಂಗಸು ತನ್ನ ದೊಡ್ಡಮ್ಮ ಈಶ್ವರಮ್ಮನೇ ಹೌದೋ ಅಲ್ಲವೋ ಪತ್ತೆ ಮಾಡಿ ಬರೆದುಕೊಡಬೇಕು.

ಪತ್ತೆಯಾಯಿತು. ಆದರೆ ಖುಷಿಯಾಗಲಿಲ್ಲ. ಆಕೆ ಬಡಿಸಿದ ಊಟ ನನ್ನ ಮುಂದಿತ್ತು.

ಸಿದ್ದರಾಜು ಇರುವುದು ಈ ಮನೆಯ ಎದುರಿಗೇ ಎದ್ದು ನಿಂತ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ. ಹೆಂಡತಿ ಮಕ್ಕಳು ತವರಿಗೆ ಹೋಗಿದ್ದಾರೆಂದು ಹೇಳಿ, ತಾನೇ ಕಾಫಿ ಮಾಡಿಕೊಟ್ಟಿದ್ದ. ಹಾಲ್‌ನ ಕಿಟಕಿಯಿಂದ ರಸ್ತೆಯೂ ಈ ಮನೆಯ ಜಗಲಿಯ ತುದಿಯೂ ಕಾಣುತ್ತಿದ್ದವು. ದೊಡ್ಡಮ್ಮನ ಮನೆ ಪೂರ್ತಿ ಕಾಣುವುದು ಎಲ್ಲಿಂದ ಎಂದು ಕೇಳಿದ್ದಕ್ಕೆ, ಹೊರಗಿನಿಂದ ಚಿಲಕ ಹಾಕಿದ್ದ ಒಂದು ಕೋಣೆಯತ್ತ ಕೈ ತೋರಿಸಿದ್ದ. "ಆ ಕಡೆ ಬಾಲ್ಕನಿಯಿಂದ ಕಾಣುತ್ತೆ ಮೇಡಂ. ಆದ್ರೆ ಸ್ಟೋರ್ ರೂಮು, ಗಲೀಜು."

ಬಾಲ್ಕನಿಗೆ ಪಾರಿವಾಳದ ಕಾಟ ಎಂದೂ ಹೇಳಿದ್ದ. ಕಟ್ಟಡದವರೆಲ್ಲ ಬಿಳಿ ಬಲೆ ಹಾಕಿಸಿದರೆ ಇವನು ನರ್ಸರಿಯವರಿಂದ ಹಸಿರು ಬಲೆ ತಂದು ಕಟ್ಟಿದ್ದನಂತೆ. ಆ ಜಾಣತನದ ಬಗ್ಗೆ ಐದು ನಿಮಿಷ ಮಾತಾಡಿದ್ದ.

ಆಮೇಲೆ ಅವನು ನನ್ನ ಮುಂದಿಟ್ಟದ್ದು ದೊಡ್ಡಪ್ಪ ಚಿನ್ನಪ್ಪನವರ ವಿಲ್.

"ನನ್ನ ಹೆಂಡತಿ ಈಶ್ವರಮ್ಮನು ತನ್ನ ಹಯಾತಿ ಇರುವವರೆಗೂ ಸದರಿ ಮನೆ, ಬಾವಿ ಮತ್ತು ಹೂವಿನ ಮಡಿಗಳನ್ನು ಅನುಭವಿಸಿಕೊಂಡು, ಸದರಿ ಮನೆಯಲ್ಲೇ ವಾಸವಿದ್ದು, ದಿನಂಪ್ರತಿ ಸಂಜೆ ದೀಪ ಹಚ್ಚಿಕೊಂಡು ಬರತಕ್ಕದ್ದು. ಪರಭಾರೆ ಮಾಡಲು ಆಕೆಗೆ ಹಕ್ಕಿರುವುದಿಲ್ಲ. ಮನೆ ಬಿಟ್ಟು ಬೇರೆಡೆ ವಾಸ ಹೋದಲ್ಲಿ ಈ ಹಕ್ಕು ರದ್ದಾಗಿ, ಸ್ವತ್ತು ನನ್ನ ತಮ್ಮನ ಮಗ ಸಿದ್ದರಾಜುವಿನ ಸ್ವಾಧೀನಕ್ಕೆ ಹೋಗತಕ್ಕದ್ದು."

ನಮ್ಮಪ್ಪ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಮರದ ಕೆಳಗೆ ಕೂತು ಮೂವತ್ತು ವರ್ಷ ಪತ್ರ ಬರೆದವರು. ಇಂಥ ಹಕ್ಕಿಗೆ ಅನುಭೋಗ ಎನ್ನುತ್ತಿದ್ದರು. "ಮರ ಇನ್ನೊಬ್ಬರದು, ಹಣ್ಣು ನಿಂದು ಶೈಲಾ. ಕಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ, ಉಸಿರಿರೋವರೆಗೂ ತಿನ್ನಬಹುದು." ಅಪ್ಪ ಬರೆದ ಪತ್ರಗಳಲ್ಲಿ ಊರಿನ ಅರ್ಧ ಮನೆಗಳಿದ್ದವು. ನಮ್ಮದು ಮಾತ್ರ ಇರಲಿಲ್ಲ. ನನಗೂ ಕಾಡುಗೋಡಿಯ ಬಾಡಿಗೆ ಕೋಣೆಯೇ ಗತಿ. ಮನೆ ಎಂದರೆ ನನ್ನ ಪಾಲಿಗೆ ಹನ್ನೊಂದು ತಿಂಗಳ ಕರಾರು.

ಚಿನ್ನಪ್ಪನವರು ಸತ್ತು ಒಂಬತ್ತು ವರ್ಷವಾಗಿತ್ತು. ಸುತ್ತಲಿನ ಹೊಲಗಳೆಲ್ಲ ಅಪಾರ್ಟ್‌ಮೆಂಟಾಗಿ, ಈ ಹೆಂಚಿನ ಮನೆ ಒಂದೇ ನಡುವೆ ಕೂತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದವನ ಹಾಗೆ ಸಿದ್ದರಾಜು ಮೇಲಿನಿಂದ ನೋಡುತ್ತಿದ್ದ. ಮೂರು ವರ್ಷದ ಹಿಂದೆ ದೊಡ್ಡಮ್ಮನಿಗೂ ಅವನಿಗೂ ಜಗಳವಾಗಿ, "ನಿನ್ನ ಮುಖ ನೋಡಲ್ಲ" ಎಂದು ಆಕೆ ಕದ ಹಾಕಿಕೊಂಡವಳು ಅವನಿಗೆ ಮತ್ತೆ ತೆರೆದಿರಲಿಲ್ಲ.

ಗುರುತು ಹಿಡಿಯಲು ಹಳಬರು ಯಾರೂ ಉಳಿದಿಲ್ಲ. ಎದುರು ಅಂಗಡಿಯ ಪ್ರಿಯಾಂಕಾ ಬಂದು ಎರಡು ವರ್ಷವಾಗಿಲ್ಲ. ಈ ಹೆಂಗಸು ಕಟ್ಟಿಕೊಡುವ ಕನಕಾಂಬರವನ್ನು ಅವಳೇ ಮಾರುತ್ತಾಳೆ. "ಈಶ್ವರಮ್ಮಜ್ಜೀನಾ? ಸಕ್ಕತ್ ಒಳ್ಳೇವ್ರು ಅಕ್ಕ. ಗಂಟಲು ನೋವು, ಜಾಸ್ತಿ ಮಾತಾಡಲ್ಲ" ಎಂದಿದ್ದಳು. ಹೂ ಕೊಳ್ಳುವವಳಾಗಿ ನಾನು ನಾಲ್ಕು ದಿನ ಜಗಲಿಯವರೆಗೆ ಬಂದು ಹೋದೆ. ಮಡಿಯ ಅಂಚಿನಲ್ಲಿ ಉತ್ತರ ಕರ್ನಾಟಕದವರ ಪುಂಡಿಪಲ್ಯ ಬೆಳೆದಿತ್ತು. ಅದರಿಂದ ಏನೂ ಹೇಳುವಂತಿರಲಿಲ್ಲ, ಈ ಕಡೆಯ ತೆಲುಗಿನವರೂ ಗೋಂಗುರ ಎಂದು ಅದನ್ನೇ ಬೆಳೆಯುತ್ತಾರೆ.

ಇವತ್ತು ಮಂಗಳವಾರ. ಮಧ್ಯಾಹ್ನವೆಲ್ಲ ಹೂ ಕಟ್ಟಿ, ಐದು ಗಂಟೆಗೆ ಆಕೆ ತಾನಾಗಿಯೇ ನನ್ನನ್ನು ಊಟಕ್ಕೆ ಕರೆದಳು. ಮುದ್ದೆ ಮಾಡಿದ್ದಳು. ಒಂದು ನನಗೆ, ಒಂದು ತನಗೆ. ಇನ್ನೊಂದು ಮುದ್ದೆ ಪಾತ್ರೆಯಲ್ಲಿ ಮುಚ್ಚಿಟ್ಟಿತ್ತು. ಗೋಡೆಯ ಪಕ್ಕ ಒಂದು ಕಂಚಿನ ತಟ್ಟೆ ಬೋರಲು ಹಾಕಿತ್ತು.

"ಅಮ್ಮಾ, ಆ ತಟ್ಟೆ ಯಾರಿಗೆ?" ಎಂದೆ.

"ಯಾರ್ಗೂ ಇಲ್ಲ."

"ಮುದ್ದೆ ಚೆನ್ನಾಗಿ ಬಂದಿದೆ. ಒಂದೂ ಗಂಟಿಲ್ಲ. ಆದ್ರೆ ನಮ್ ಕಡೆ ಮುದ್ದೆ ಅಗಿಯಲ್ಲಮ್ಮ. ನುಂಗ್ತೀವಿ."

ದವಡೆ ನಿಂತಿತು.

"ಈಶ್ವರಮ್ಮ ಎಲ್ಲಿ?"

ಆಕೆ ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದಳು. ಓಡಿಹೋಗುತ್ತಾಳೇನೋ ಎಂದು ನಾನೂ ಅರ್ಧ ಎದ್ದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಅದೇ ಜಾಗದಲ್ಲಿ ಕೂತಳು.

"ನೀ ಪೊಲೀಸೇನವ್ವ?"

ಗಂಟಲಿಗೆ ಏನೂ ಆಗಿರಲಿಲ್ಲ. ನಾಲ್ಕು ಮಾತು ಆಡಿದರೆ ಊರು ಯಾವುದೆಂದು ಗೊತ್ತಾಗುತ್ತಿತ್ತು, ಅಷ್ಟೇ.

"ಅಲ್ಲ. ಪತ್ತೇದಾರಿಕೆ ಮಾಡ್ತೀನಿ. ಸಿದ್ದರಾಜು ಕಳಿಸಿದ್ದು." ಸುಳ್ಳು ಹೇಳಬಹುದಿತ್ತು. ಆಕೆಯ ಊಟ ಉಣ್ಣುತ್ತಾ ಹೇಳಲು ಬಾಯಿ ಬರಲಿಲ್ಲ.

"ಅಕ್ಕನ್ನ ನಾ ಏನಾರ ಮಾಡೀನಂತ ತಿಳಿದಿಯೇನು?"

"ತಿಳಿಯೋದು ಆಮೇಲೆ. ಮೊದ್ಲು ನೀವು ಹೇಳಿ."

ಆಕೆಯ ಹೆಸರು ಮಲಕವ್ವ. ತಾಳಿಕೋಟೆ ಕಡೆಯವಳು. ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಎದುರಿನ ಅಪಾರ್ಟ್‌ಮೆಂಟ್ ಏಳುವಾಗ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದಳು. ಕುಡಿಯುವ ನೀರಿಗೆ ಈಶ್ವರಮ್ಮನ ಬಾವಿಗೆ ಬರುತ್ತಿದ್ದಳು. ಕೆಲಸ ಮುಗಿದು ಉಳಿದವರು ಬೇರೆ ಸೈಟಿಗೆ ಹೋದಾಗ ಈಶ್ವರಮ್ಮ, "ನೀನಿಲ್ಲೇ ಇರು" ಎಂದಳಂತೆ.

"ಯಾಕೆ?"

"ಒಬ್ಬಾಕೀನ ಇದ್ಲು. ನಾನೂ ಒಬ್ಬಾಕೀನ ಇದ್ದೆ. ಅದಕ್ಕ ಮತ್ತೇನು ಕಾರಣ ಬೇಕವ್ವ?"

"ಈಗ ಎಲ್ಲಿದ್ದಾರೆ?"

"ಅತ್ತಿಬೆಲಿಗೆ ಹ್ವಾದ್ಲು. ಎರಡು ವರ್ಷ ಆತು."

ಅತ್ತಿಬೆಲೆಯಲ್ಲಿ ಸಿದ್ದರಾಮಪ್ಪ ಎಂಬುವನಿದ್ದ. ಒಂದು ಕಾಲದಲ್ಲಿ ವರ್ತೂರಿನ ಹೂ ಬುಟ್ಟಿಗಳನ್ನು ಬೆಳಗಿನ ಬಸ್ಸಿಗೆ ಹಾಕಿಕೊಂಡು ಮಾರ್ಕೆಟ್ಟಿಗೆ ಒಯ್ಯುತ್ತಿದ್ದವನು. ಈಶ್ವರಮ್ಮನ ಬುಟ್ಟಿಯನ್ನೂ ಇಪ್ಪತ್ತು ವರ್ಷ ಅವನೇ ಹೊತ್ತಿದ್ದ. ಅವರಿಬ್ಬರ ನಡುವೆ ಏನಿತ್ತು ಎಂದು ನಾನು ಕೇಳಲಿಲ್ಲ. ಮಲಕವ್ವನೂ ಕೇಳಿರಲಿಲ್ಲ.

"ಅವಗ ಲಕ್ವಾ ಹೊಡದು ಮಲಗ್ಯಾನ, ಬಾಯಿಗೆ ಗಂಜಿ ಹಾಕವ್ರಿಲ್ಲ ಅಂತ ಸುದ್ದಿ ಬಂತು. ಅಕ್ಕ ಮೂರು ದಿನ ಉಣ್ಲಿಲ್ಲ. ನಾಲ್ಕನೇ ದಿನ ನನ್ನ ಕೈ ಹಿಡದು ಅಂದ್ಲು, ಒಂದು ತಿಂಗಳು ಮಲಕವ್ವಾ, ಒಂದೇ ತಿಂಗಳು ನನ್ ಜಾಗದಾಗ ನೀ ಇರು, ಸಂಜಿಗೆ ದೀಪ ಹಚ್ಚು, ಕದ ತಗೀಬ್ಯಾಡ."

"ಒಂದು ತಿಂಗಳು ಎರಡು ವರ್ಷ ಆಯ್ತು."

"ಆತು. ಅಲ್ಲಿದ್ರ ಈ ಮನೀ ಚಿಂತಿ. ಇಲ್ಲಿದ್ದಾಗ ಅವನ ಚಿಂತಿ. ಪ್ರತಿ ಮಂಗಳವಾರ ಫೋನ್ ಮಾಡಾಕಿ. ಕನಕಾಂಬರ ಬಿಟ್ಟೈತೇನ? ಬಾವಿ ನೀರು ಎಷ್ಟೈತಿ? ಇವತ್ತ ದೀಪಕ್ಕ ಎಣ್ಣಿ ಹಾಕಿದೇನ? ಫೋನಿನಾಗ ಅಳಾಕಿ, ಯವ್ವಾ. ನಾ ಇಲ್ಲಿ ಅಳಾಕಿ."

ಉಸಿರಿರುವವರೆಗೂ ಅನುಭವಿಸಬಹುದಾದ ಮನೆ. ಅದನ್ನು ಬಿಟ್ಟು ಒಂದು ತಿಂಗಳು ಬೇಕಾದವರ ಹತ್ತಿರ ಇರುವಂತಿಲ್ಲ. ಚಿನ್ನಪ್ಪನವರು ಹೆಂಡತಿಗೆ ಆಸರೆ ಕೊಟ್ಟರೋ ಗೂಟ ಹೊಡೆದರೋ ನನಗೆ ತಿಳಿಯಲಿಲ್ಲ. ಪತ್ರ ಬರೆದವನ ಮೇಲೂ ಕೋಪ ಬಂತು.

"ಹೋದ ಮಂಗಳವಾರ ಮಾತಾಡಿದ್ರಾ?"

ಮಲಕವ್ವ ಇಲ್ಲವೆಂದು ತಲೆಯಾಡಿಸಿದಳು. "ಮೂರು ವಾರ ಆತು, ಫೋನಿಲ್ಲ. ನಾ ಮಾಡಿದ್ರ ಬಂದ್ ಅಂತೈತಿ. ಕಡೀ ಸಲ ಮಾತಾಡಿದಾಗ ಸಿದ್ದರಾಮಪ್ಪ ತೀರಿಕೊಂಡಾನ, ಕಾರ್ಯ ಮುಗದೈತಿ, ನಾ ಬರ್ತೀನಿ ಅಂದ್ಲು. ಮುಂದಿನ ಮಂಗಳವಾರ ಮನಿಗೆ ಬರ್ತೀನಿ ಮಲಕವ್ವಾ, ಮುದ್ದಿ ಮಾಡಿಡು ಅಂದ್ಲು."

ಬೋರಲು ಹಾಕಿದ ತಟ್ಟೆಯನ್ನು ನಾನು ಮತ್ತೆ ನೋಡಲಿಲ್ಲ. ನೋಡಲಾಗಲಿಲ್ಲ.

"ನನಗ ಮುದ್ದಿ ಮಾಡಾಕ ಬರ್ತಿರಲಿಲ್ಲವ್ವ. ಮೊದಲನೇ ವಾರ ಬರೇ ಗಂಟು. ಬೀದಿ ನಾಯಿ ಸೈತ ಮೂಸಲಿಲ್ಲ. ಈ ವಾರ ಬರೋಬ್ಬರಿ ಬಂದೈತಿ. ತಿನ್ನಾಕ ಅಕ್ಕಾನ ಇಲ್ಲ."

ನನ್ನ ಕಸುಬಿನಲ್ಲಿ ಕಣ್ಣೀರನ್ನು ನಂಬಬಾರದು. ಮದುವೆ ಗಂಡುಗಳ ಪೂರ್ವಾಪರ ವಿಚಾರಿಸಿ ವಿಚಾರಿಸಿ ನಾನು ಕಲ್ಲಾಗಿದ್ದೇನೆ. ಫೋನ್ ಕೊಡಿ ಎಂದೆ. ಪುಟ್ಟ ಕೀಪ್ಯಾಡ್ ಫೋನು. ಬಂದ ಕರೆಗಳ ಪಟ್ಟಿಯಲ್ಲಿ ಪ್ರಿಯಾಂಕಾಳದು ಬಿಟ್ಟರೆ ಒಂದೇ ನಂಬರು. ತಾರೀಖುಗಳನ್ನು ಹಿಂದಕ್ಕೆ ಎಣಿಸಿದೆ. ಎಲ್ಲವೂ ಮಂಗಳವಾರ, ಎಲ್ಲವೂ ಸಂಜೆ ಏಳರ ಆಸುಪಾಸು. ದೀಪ ಹಚ್ಚಿಯಾಗಿದೆಯೇ ಎಂದು ಕೇಳುವ ಹೊತ್ತು. ಮೂರು ವಾರದ ಹಿಂದೆ ಪಟ್ಟಿ ನಿಂತಿತ್ತು.

ಮಲಕವ್ವ ಸುಳ್ಳುಗಾತಿ ಹೌದು. ಆದರೆ ಈಶ್ವರಮ್ಮ ಮೂರು ವಾರದ ಹಿಂದಿನವರೆಗೆ ಬದುಕಿದ್ದಳು, ಮನೆಗೆ ಹೊರಟಿದ್ದಳು. ಅತ್ತಿಬೆಲೆಗೂ ವರ್ತೂರಿಗೂ ನಡುವೆ ಎಲ್ಲೋ ಕಾಣೆಯಾಗಿದ್ದಳು.

"ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡಬಹುದಿತ್ತಲ್ಲ?"

"ಏನಂತ ಕೊಡ್ಲಿ? ಈಶ್ವರಮ್ಮ ಕಳದಾಳ ಅಂತ ಈಶ್ವರಮ್ಮನ ಹೋಗಿ ಬರಿಸಲೇನು?"

ನಾನು ಫೋನನ್ನು ಆಕೆಯ ಕೈಗೆ ವಾಪಸು ಕೊಟ್ಟೆ.

"ಹುಡುಕಾಕ ಹೋಗೂಣಂದ್ರ ಮನೀ ಖಾಲಿ ಆಕ್ಕೈತಿ. ಒಂದು ಸಂಜಿ ದೀಪ ತಪ್ಪಿದ್ರ ಸಿದ್ದರಾಜು ಬಂದು ಕೀಲಿ ಜಡೀತಾನ. ಆಮ್ಯಾಲ ಅಕ್ಕ ಬಂದ್ರ ಎಲ್ಲಿಗೆ ಬರಬೇಕು? ಅದಕ್ಕ ಕುಂತೀನಿ."

"ನಿಮಗೂ ಹೋಗೋಕೆ ಜಾಗ ಇಲ್ಲ."

"ಅದೂ ಖರೇನ." ಆಕೆ ಸಿಟ್ಟಾಗಲಿಲ್ಲ. ಗೋಡೆಯ ಮೇಲೆ ಅಂಗೈ ಇಟ್ಟಳು. "ಹದಿನೆಂಟು ವರ್ಷ ಮಂದಿ ಮನೀ ಕಟ್ಟೀನವ್ವ. ಒಂದರಾಗೂ ಒಂದು ರಾತ್ರಿ ಮಲಗಿಲ್ಲ. ನೆಲಕ್ಕ ಫರಸಿ ಹಾಕಿದ ಮ್ಯಾಲ ನಮ್ಮನ್ನ ಒಳಗ ಬಿಡಂಗಿಲ್ಲ. ಇದು ಅಕ್ಕನ ಮನೀ, ನನಗ ಗೊತ್ತೈತಿ. ಆದ್ರ ಮುಂಜಾನಿ ಎದ್ದು ಕಸ ಹೊಡದು ನೀರು ಹಾಕುಮುಂದ ನಂದ ಅನಸ್ತೈತಿ. ಅಷ್ಟು ತಪ್ಪು ನಾ ಮಾಡೀನಿ. ಬರಕೋ."

ನಾನು ಏನನ್ನೂ ಬರೆದುಕೊಳ್ಳಲಿಲ್ಲ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆದು ಎಷ್ಟು ವರ್ಷವಾಯಿತೆಂದು ನೆನಪಿಸಿಕೊಂಡೆ. ನನ್ನ ಕೋಣೆಗೆ ಅಂಗಳವಿಲ್ಲ. ಬಾಗಿಲ ಮುಂದೆ ಪಕ್ಕದ ಮನೆಯವರ ಶೂ ಸ್ಟ್ಯಾಂಡಿದೆ. ನನಗೂ ಒಂದು ಹೊಸ್ತಿಲು ಬೇಕು ಅನ್ನಿಸಿತು. ಆ ಹೊತ್ತಿಗೆ ನಾನು ಯಾರ ಕಡೆಯ ಪತ್ತೇದಾರಳೆಂಬುದು ನನಗೇ ಮರೆತುಹೋಗಿತ್ತು.

ಹೊರಗೆ ಬೆಳಕು ಇಳಿಯುತ್ತಿತ್ತು. ನೀರಿನ ಟ್ಯಾಂಕರೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಮಲಕವ್ವ ಎಣ್ಣೆಯ ಗಿಂಡಿ, ಬೆಂಕಿಪೊಟ್ಟಣ ತೆಗೆದುಕೊಂಡು ಎದ್ದಳು.

"ಬಾ, ದೀಪ ಹಚ್ಚೂಣು. ಈಗೀಗ ಜೊತಿಗೊಂದು ದೀಪ ಸಿಕ್ಕೈತಿ. ನಾ ಹಚ್ಚಿದ ಸ್ವಲ್ಪ ಹೊತ್ತಿಗೆ ಎದುರು ಬಿಲ್ಡಿಂಗಿನಾಗೂ ಒಂದು ಹತ್ತತೈತಿ. ಯಾರೋ ದೇವರಂಥವ್ರು ಹೊಸದಾಗಿ ಬಂದಾರ. ಅದನ್ನ ನೋಡಿದ್ರ ನನಗ ಒಂದೀಟು ಸಮಾಧಾನ."

ನನ್ನ ಫೋನು ಹೊಡೆದುಕೊಂಡಿತು. ಸಿದ್ದರಾಜು.

"ಏನ್ ಮೇಡಂ, ರಿಪೋರ್ಟ್ ಇವತ್ತು ಸಂಜೆ ಅಂದಿದ್ರಿ?"

ಮಲಕವ್ವ ಜಗಲಿಗೆ ಹೋಗಿ ಬಾಗಿಲ ಪಕ್ಕದ ಗೂಡಿನಲ್ಲಿ ಬತ್ತಿ ಸರಿಮಾಡುತ್ತಿದ್ದಳು. ಒಂದು ಮಾತು ಸಾಕಿತ್ತು. ಆ ಒಂದು ಮಾತಿಗೆ ನಾಳೆ ಬೆಳಗ್ಗೆ ಈ ಮನೆಗೆ ಬೀಗ ಬೀಳುತ್ತಿತ್ತು.

"ಇನ್ನೆರಡು ದಿನ ಬೇಕು ಸಾರ್. ಮುಖ ಸರಿಯಾಗಿ ನೋಡಕ್ಕಾಗ್ಲಿಲ್ಲ."

"ಒಂದ್ ಗಂಟೆಯಿಂದ ಒಳಗೇ ಇದೀರ. ಇನ್ನೂ ನೋಡಕ್ಕಾಗ್ಲಿಲ್ವಾ?"

"ಗಂಟಲು ನೋವಂತೆ ಸಾರ್. ಮಾತೇ ಆಡಲ್ಲ."

"ಸುಮ್ನಿರಿ ಮೇಡಂ." ಅವನು ನಕ್ಕ. "ಆ ಮಲಕವ್ವ ಮಾತಾಡಕ್ಕೆ ಶುರು ಮಾಡಿದ್ರೆ ನಿಲ್ಸಲ್ಲ. ಏನಂದ್ಲು ಹೇಳಿ. ಅದ್ನೇ ಬರ್ದು ಒಂದ್ ಸಹಿ ಹಾಕ್ಕೊಡಿ, ಸಾಕು."

ನಾನು ಜಗಲಿಗೆ ಬಂದು ಕಂಬಕ್ಕೆ ಒರಗಿಕೊಂಡೆ.

ಆ ಹೆಸರು ನನಗೇ ತಿಳಿದದ್ದು ಅರ್ಧ ಗಂಟೆಯ ಹಿಂದೆ. ಪ್ರಿಯಾಂಕಾಳಿಗೆ ಗೊತ್ತಿಲ್ಲ. ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಮಲಕವ್ವ ಇಲ್ಲಿದ್ದಾಳೆಂದು ಬಲ್ಲ ಇನ್ನೊಂದು ಜೀವ ಈಶ್ವರಮ್ಮ ಮಾತ್ರ. ಆಕೆಯ ಬಾಯಿಂದ ಹೊರಟ ಹೆಸರು ಸಿದ್ದರಾಜುವಿನ ಬಾಯಿಗೆ ಬಂದಿತ್ತು.

ಹಾಗಾದರೆ ಅವನಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು. ಈಶ್ವರಮ್ಮ ಮನೆಯಲ್ಲಿ ವಾಸವಿಲ್ಲವೆಂದು ಹೊರಗಿನವರೊಬ್ಬರು ಬರೆದುಕೊಡಬೇಕಿತ್ತು. ಅದಕ್ಕೆ ನಾನು ಸಿಕ್ಕಿದ್ದೆ.

ಮಲಕವ್ವ ಕಡ್ಡಿ ಗೀರಿದಳು. ಗೂಡಿನ ದೀಪ ಹತ್ತಿತು. ಆಕೆ ಕೈ ಮುಗಿದು, ತಲೆಯೆತ್ತಿ ಎದುರಿನ ಕಟ್ಟಡದ ಕಡೆ ನೋಡುತ್ತಾ ನಿಂತಳು. ನಾನೂ ನೋಡಿದೆ. ಬಾಲ್ಕನಿಗಳ ತುಂಬ ಬಿಳಿ ಬಲೆಗಳು. ಮೊದಲನೆಯ ಮಹಡಿ, ಎರಡು, ಮೂರು.

ನಾಲ್ಕನೆಯ ಮಹಡಿಯಲ್ಲಿ ಸಣ್ಣದೊಂದು ದೀಪ ಹತ್ತಿತು.

"ನೋಡಿದಿ?" ಎಂದು ಮಲಕವ್ವ ಪಿಸುಗುಟ್ಟಿದಳು. "ಎರಡು ವಾರ ಆತು. ಒಂದು ದಿನಾನೂ ತಪ್ಪಿಲ್ಲ."

ಅದು ಹಸಿರು ಬಲೆಯ ಹಿಂದೆ ಉರಿಯುತ್ತಿತ್ತು.

ಹೊರಗಿನಿಂದ ಚಿಲಕ ಹಾಕಿದ್ದ ಆ ಸ್ಟೋರ್ ರೂಮು ನೆನಪಾಯಿತು. ಅದರ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತು ನಾನು ಕಾಫಿ ಕುಡಿದಿದ್ದೆ. ಮನೆಗೆ ಬರುತ್ತೇನೆಂದು ಹೊರಟವಳು ಮನೆ ಕಾಣುವಷ್ಟು ಹತ್ತಿರಕ್ಕೆ ಬಂದು, ಅಲ್ಲೇ ಅವನ ಕೈಗೆ ಸಿಕ್ಕಿಬಿದ್ದು, ದಿನಾ ಸಂಜೆ ತನ್ನ ದೀಪ ಹತ್ತುವುದನ್ನು ಕಾಯುತ್ತಿದ್ದಳು.

"ಹಲೋ? ಮೇಡಂ?" ಸಿದ್ದರಾಜುವಿನ ದನಿ ಬದಲಾಗಿತ್ತು. "ಏನ್ ನೋಡ್ತಿದೀರ ಮೇಲೆ?"

ನಾನು ಕಣ್ಣು ಇಳಿಸಿದೆ. ತಡವಾಗಿತ್ತು. ಫೋನಿನಲ್ಲಿ ಹೆಜ್ಜೆ ಸಪ್ಪಳ ಕೇಳಿಸಿತು. ಆಮೇಲೆ ಚಿಲಕ ಸರಿದ ಸದ್ದು. ಆಮೇಲೆ ದೂರದಿಂದ ಒಬ್ಬ ಹೆಂಗಸಿನ ದನಿ, ಸೋತ ದನಿ, ಅಪ್ಪಟ ಈ ಕೆರೆಯ ಕೆಳಗಿನ ಮಾತು.

"ಇವತ್ತು ಮಂಗ್ಳಾರ ಕಣ್ಲಾ ಸಿದ್ರಾಜು. ಅದೊಂದು ಉರೀಲಿ ಬುಡ್ಲಾ, ನಿನ್ ಕಾಲಿಗ್ ಬೀಳ್ತೀನಿ."

ಉಫ್ ಎಂದು ಊದಿದ ಸದ್ದು ನನ್ನ ಕಿವಿಗೆ ಬಂತು. ದೀಪವನ್ನು ಬಾಯಿಂದ ಊದಬಾರದೆಂದು ಮಕ್ಕಳಿಗೂ ಗೊತ್ತು.

ಹಸಿರು ಬಲೆಯ ಹಿಂದೆ ಕತ್ತಲಾಯಿತು.

ಮಲಕವ್ವ ಕೈ ಮುಗಿದುಕೊಂಡೇ ನನ್ನ ಕಡೆ ತಿರುಗಿದಳು. "ಯಾಕ ತಂಗೆವ್ವಾ, ಇವತ್ತ ಆ ದೀಪ ಇಷ್ಟು ಲಗೂ ಶಾಂತ ಆತು?"

ಅವಳಿಗೆ ಏನು ಹೇಳಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ಫೋನಿನಲ್ಲಿ ಚಿಲಕ ಮತ್ತೆ ಬಿತ್ತು.

"ಅಲ್ಲೇ ಇರಿ ಮೇಡಂ," ಎಂದ ಸಿದ್ದರಾಜು. "ನಾನೇ ಕೆಳಗ್ ಬರ್ತಿದೀನಿ."